ಕವರು ಕಳಚಿದ ಕಂಪ್ಯೂಟರು

ನಮ್ಮ ಮನೆಯಲ್ಲಿ ಕವರಿಲ್ಲದ ವಸ್ತು ಎಂದರೆ ನಾನೊಬ್ಬನೇ. ಫ್ರಿಜ್ಜಿಗೆ ಕವರು, ಮಿಕ್ಸಿಗೆ ಕವರು, ಬಟ್ಟೆ ಒಗೆಯುವ ಯಂತ್ರಕ್ಕೆ ನೆರಿಗೆ ಇಟ್ಟ ಕವರು, ಟೀವಿಯ ರಿಮೋಟಿಗೆ ಗುಂಡಿ ಹಾಕಿದ ಕವರು. (ಸದ್ದು ಕಡಿಮೆ ಮಾಡಬೇಕೆಂದರೆ ಮೊದಲು ಗುಂಡಿ ಬಿಚ್ಚಬೇಕು. ಅಷ್ಟರಲ್ಲಿ ಧಾರಾವಾಹಿಯವರು ಅತ್ತು ಮುಗಿಸಿ ಮೂಗು ಒರೆಸಿಕೊಳ್ಳುತ್ತಿರುತ್ತಾರೆ.) ಇದಕ್ಕೆ ಕಾರಣ ನನ್ನ ಹೆಂಡತಿ. ಕವರು ಹೊಲಿಯುವುದೇ ಅವಳ ಉದ್ಯೋಗ. ಸೋಫಾ, ಹಾಸಿಗೆ, ಕುರ್ಚಿ, ಯಾವುದನ್ನೇ ಕಂಡರೂ ಅವಳ ಕಣ್ಣು ಮೊದಲು ಅದರ ಸುತ್ತಳತೆಯನ್ನು ತೆಗೆಯುತ್ತದೆ. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗಲೂ ನನ್ನನ್ನು ಹಾಗೇ ನೋಡಿದ್ದಳು. ಪ್ರೀತಿ ಅಂದುಕೊಂಡಿದ್ದೆ.

ಆ ಭಾನುವಾರ ಅವಳ ಬಾಳಿನ ದೊಡ್ಡ ದಿನ. ಊರಿನ ಹೊಸ ಸಭಾಭವನದ ಅಷ್ಟೂ ಕುರ್ಚಿಗಳಿಗೆ ಕವರು ಹೊಲಿಯುವ ಕೆಲಸ ಅವಳಿಗೆ ಸಿಗುವ ಹಾಗಿತ್ತು. ಸಂಜೆ ನಾಲ್ಕಕ್ಕೆ ಸಭಾಭವನದ ಮ್ಯಾನೇಜರ್ ಮನೆಗೆ ಬಂದು ನಮೂನೆಗಳನ್ನು ನೋಡುವವರಿದ್ದರು. ಒಪ್ಪಿದರೆ ಕೆಲಸ ಇವಳಿಗೆ. ಇಲ್ಲವಾದರೆ ಮುಖ್ಯರಸ್ತೆಯ ಪರದೆ ಅಂಗಡಿಯವನಿಗೆ. ನಮೂನೆಗಳ ಚಿತ್ರ, ಅಳತೆ, ಬಣ್ಣ ಎಲ್ಲವೂ ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಬಟ್ಟೆ ಹೇಗಿರುತ್ತದೆ ಎಂದು ಮುಟ್ಟಿ ನೋಡುವುದಕ್ಕೆ ಬೇಕಲ್ಲ, ಅದಕ್ಕಾಗಿ ಅದೇ ಬಟ್ಟೆಯಲ್ಲಿ ಕಂಪ್ಯೂಟರಿನ ಡಬ್ಬಕ್ಕೇ ಒಂದು ಕವರು ಹೊಲಿದು ತೊಡಿಸಿದ್ದಳು.

ಅವಳು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಸಲಹೆ ಕೊಡುವುದು ಭಾನುವಾರಗಳಲ್ಲಿ ನಾನು ಸ್ವಇಚ್ಛೆಯಿಂದ ವಹಿಸಿಕೊಂಡಿರುವ ಜವಾಬ್ದಾರಿ. ಸಲಹೆ ಕೊಡುವ ಅರ್ಹತೆ ನನಗಿದೆ. ಆಫೀಸಿನಲ್ಲಿ ಒಮ್ಮೆ ಪ್ರಿಂಟರಿಗೆ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದೆನಾಗಿ ಅಂದಿನಿಂದ ಎಲ್ಲರೂ ನನ್ನನ್ನು ‘ಇಂಜಿನಿಯರ್ ಸಾಹೇಬ್ರು’ ಎನ್ನುತ್ತಾರೆ. (ಅದರಲ್ಲಿ ವ್ಯಂಗ್ಯ ಇದೆಯೆಂದು ಹೆಂಡತಿಯ ಅನುಮಾನ. ಸಾಧಕರ ಮನೆಯವರಿಗೆ ಸಾಧನೆ ಕಾಣುವುದಿಲ್ಲ.) ಬಿರುದಿಗೆ ತಕ್ಕ ಹಾಗೆ ಇರಬೇಕೆಂದು ‘ಕಂಪ್ಯೂಟರ್: ನಿಮ್ಮ ಕೈಯಲ್ಲೇ ಚಿಕಿತ್ಸೆ’ ಎಂಬ ಒಂದು ಗ್ರಂಥವನ್ನು ತಂದಿದ್ದೆ. ಗ್ರಂಥ ಎಂದೆ, ಗಮನಿಸಿ. ತಲೆದಿಂಬಿನಷ್ಟು ದಪ್ಪ, ಸಣ್ಣ ಮಗುವಿನಷ್ಟು ಭಾರ. ಬೆಳಿಗ್ಗೆ ಅದನ್ನು ತಂದು, ಎರಡು ಕೈಯೂ ಚಹಾ ಕುಡಿಯಲು ಬಿಡುವಾಗಿರಲಿ ಎಂದು, ಮೇಜಿನ ಮೇಲೆ ಪರದೆಗೆ ಒರಗಿಸಿ ನಿಲ್ಲಿಸಿ, ಓದಿ ಹೇಳಲು ಶುರುಮಾಡಿದೆ.

ನಾನು ಪೀಠಿಕೆ ಮುಗಿಸುವ ಹೊತ್ತಿಗೆ ಕಂಪ್ಯೂಟರು ಮರಗಟ್ಟಿತು. ಪರದೆಯ ಮೇಲಿನ ಕುರ್ಚಿ ಇದ್ದಲ್ಲೇ ನಿಂತುಬಿಟ್ಟಿತು. ಏನು ಒತ್ತಿದರೂ ಉತ್ತರ ‘ಕುಂಯ್ ಕುಂಯ್’.

“ರೀ, ಇದೇನಾಯ್ತು?”

“ಗಾಬರಿ ಆಗ್ಬೇಡ. ಆರಿಸಿ ಮತ್ತೆ ಹಚ್ಚೋದು. ಮೊದಲ ಅಧ್ಯಾಯದಲ್ಲೇ ಇದೆ.”

ಆರಿಸಿದೆ. ಹಚ್ಚಿದೆ. ಪರದೆ ಕಪ್ಪಗಾಯಿತು, ಕಪ್ಪಗೇ ಉಳಿಯಿತು. ಡಬ್ಬದೊಳಗಿಂದ ಮಾತ್ರ ಕುಂಯ್ ಕುಂಯ್ ನಿಲ್ಲಲಿಲ್ಲ.

ಒಳಗಿನಿಂದ ನನ್ನ ಅತ್ತೆ ಬಂದರು. ಅವರು ನಮ್ಮ ಜೊತೆಯಲ್ಲೇ ಇದ್ದಾರೆ, ಆದರೆ ಇಷ್ಟು ವರ್ಷವಾದರೂ ನನ್ನೊಂದಿಗೆ ನೇರವಾಗಿ ಮಾತಾಡಿದವರಲ್ಲ. ಏನಿದ್ದರೂ ಮಗಳ ಮೂಲಕವೇ. ನಾನೂ ಹಾಗೆಯೇ. ನಡುವೆ ದುಭಾಷಿಯನ್ನಿಟ್ಟುಕೊಂಡು ಎರಡು ದೇಶಗಳು ನಡೆಸುವ ಮಾತುಕತೆಯ ಹಾಗೆ, ಅದರಿಂದ ಇದುವರೆಗೆ ಯುದ್ಧ ತಪ್ಪಿದೆ.

“ಅದ್ಯಾಕೇ ಹಾಗೆ ನರಳ್ತಿದೆ?” ಎಂದರು ಅತ್ತೆ, ಮಗಳಿಗೆ. “ಅಳಿಯಂದಿರಿಗೆ ಹೇಳು, ಆ ದಪ್ಪ ಪುಸ್ತಕ ಎತ್ತಿಡಲಿ ಅಂತ. ಪಾಪ, ಭಾರ ಆಗಲ್ವಾ ಅದಕ್ಕೆ?”

ನನಗೆ ನಗು ತಡೆಯಲಾಗಲಿಲ್ಲ. “ನಿಮ್ಮಮ್ಮನಿಗೆ ಹೇಳು, ಕಂಪ್ಯೂಟರು ಕತ್ತೆಯಲ್ಲ, ಭಾರ ಆಗೋಕೆ. ಅದರ ಕಷ್ಟಗಳೆಲ್ಲ ಒಳಗಿನವು, ಸೂಕ್ಷ್ಮವಾದವು.”

“ಅದೇನೋಪ್ಪ, ಒಳಗಿನ ಕಷ್ಟ ನಮಗೂ ಇದೆ. ನಾವು ಕುಂಯ್ ಅನ್ನಲ್ಲ,” ಎಂದು ಅತ್ತೆ ಗೋಡೆಗೆ ಹೇಳಿ ಒಳಗೆ ಹೋದರು.

ಹೆಂಡತಿ ಫೋನು ಕೈಗೆತ್ತಿಕೊಂಡಳು. “ರಿಪೇರಿಯವರನ್ನ ಕರೀತೀನಿ.”

“ರಿಪೇರಿಯವನಾ? ನಾನು ಮನೆಯಲ್ಲಿರುವಾಗ? ನಾಳೆ ಆಫೀಸಿನಲ್ಲಿ ಗೊತ್ತಾದರೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ?”

“ಮುಖಕ್ಕೊಂದು ಕವರು ಹೊಲಿದು ಕೊಡ್ತೀನಿ. ನಾಲ್ಕು ಗಂಟೆಗೆ ಮ್ಯಾನೇಜರ್ ಬರ್ತಾರೆ ರೀ. ಅವರಿಗೆ ಕುಂಯ್ ಕೇಳಿಸಿ ಕಳಿಸ್ಲಾ?”

“ಊಟದ ಹೊತ್ತಿಗೆ ಸರಿಮಾಡ್ತೀನಿ. ಮಾತು ಅಂದ್ರೆ ಮಾತು.”

ಫೋನನ್ನು ಕೆಳಗಿಟ್ಟಳು. ಹೆಂಡತಿ ನನ್ನನ್ನು ನಂಬಿದ ಅಪರೂಪದ ಸಂದರ್ಭಗಳು ಬಾಳಿನಲ್ಲಿ ಕೆಲವಿವೆ. ಎಲ್ಲವೂ ಹೀಗೇ ಕೊನೆಗೊಂಡಿವೆ.

ಶಸ್ತ್ರಚಿಕಿತ್ಸೆ ಆರಂಭವಾಯಿತು. ಗ್ರಂಥ ಹೇಳಿದಂತೆ ವೈರುಗಳನ್ನೆಲ್ಲ ಕಳಚಿ, ಒರೆಸಿ, ಊದಿ, ಮತ್ತೆ ಸಿಕ್ಕಿಸಿದೆ. ಒಂದು ವೈರು ಉಳಿಯಿತು. (ಅದು ಹೊಲಿಗೆ ಯಂತ್ರದ್ದು ಎಂದು ಆಮೇಲೆ ತಿಳಿಯಿತು.) ಡಬ್ಬದ ಹಿಂದಿನ ಧೂಳನ್ನು ನನ್ನ ಶೇವಿಂಗ್ ಬ್ರಷ್ಷಿನಿಂದ ಗುಡಿಸಿದೆ. ಪ್ರತಿ ಸಲವೂ ಗ್ರಂಥವನ್ನು ಮತ್ತೆ ಅದರ ಜಾಗದಲ್ಲಿ, ಬೆಳಕು ಚೆನ್ನಾಗಿ ಬೀಳುವ ಹಾಗೆ ಪರದೆಗೆ ಒರಗಿಸಿ, ಮುಂದಿನ ಅಧ್ಯಾಯ ತೆರೆದು, ಗುಂಡಿ ಒತ್ತಿದೆ. ಕುಂಯ್ ಕುಂಯ್. ಪರದೆಯ ಬಲಗಡೆ ಕಪ್ಪು, ಎಡಗಡೆ ಗ್ರಂಥ.

ಹದಿಮೂರನೆಯ ಅಧ್ಯಾಯ ‘ಕೂಗುಗಳ ಭಾಷೆ’. ಒಂದು ಉದ್ದ ಕೂಗಾದರೆ ಒಂದು ರೋಗ, ಎರಡು ಗಿಡ್ಡ ಕೂಗಾದರೆ ಇನ್ನೊಂದು ರೋಗ. ಕಿವಿಯನ್ನು ಡಬ್ಬಕ್ಕೆ ಆನಿಸಿ ನೆಲದ ಮೇಲೆ ಕುಳಿತೆ. ನಮ್ಮದರ ಕೂಗು ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ನನ್ನ ಹಾಗೆ ಮಧ್ಯಮ ವರ್ಗದ್ದು. ಆ ವರ್ಗಕ್ಕೆ ಎಲ್ಲಿಯೂ ಇರುವಂತೆ ಗ್ರಂಥದಲ್ಲೂ ಪರಿಹಾರ ಇರಲಿಲ್ಲ.

ಊಟದ ಹೊತ್ತು ಬಂತು, ಹೋಯಿತು. ನನ್ನ ತಟ್ಟೆಯನ್ನು ಅತ್ತೆ ಮುಚ್ಚಿಟ್ಟರು. (ತಟ್ಟೆಗೂ ಕವರಿದೆ.) ಹೆಂಡತಿ ನೆನಪಿನಿಂದಲೇ ಕುರ್ಚಿಗಳ ಚಿತ್ರವನ್ನು ಕಾಗದದ ಮೇಲೆ ಬರೆಯತೊಡಗಿದ್ದಳು. ಬರೆಯುತ್ತಾಳೆ, ಅಳಿಸುತ್ತಾಳೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ. ಅದು ನನ್ನನ್ನು ಚುಚ್ಚಿತು. ಚುಚ್ಚಿಸಿಕೊಂಡ ಗಂಡಸು ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ಕುಣಿಯಲಾರದವನಿಗೆ ನೆಲ ಡೊಂಕಾಗಿ ಕಂಡಿತು.

“ಸಿಕ್ಕಿತು,” ಎಂದೆ ಎದ್ದು ನಿಂತು. “ಇದೆಲ್ಲ ನಿನ್ನ ಕವರಿನ ಪ್ರತಾಪ. ಉಸಿರುಕಟ್ಟಿದೆ ಇದಕ್ಕೆ. ಬಿಸಿಯಾಗಿ ಸಾಯ್ತಾ ಇದೆ.”

“ಗಾಳಿ ಆಡಲಿ ಅಂತ ಹಿಂದೆ ಮುಂದೆ ಬಲೆ ಇಟ್ಟಿದ್ದೀನಲ್ರೀ.”

“ಬಲೆಯಂತೆ. ಮೀನು ಹಿಡಿಯೋಕಾ?”

ಕವರಿಗೆ ಕೈಹಾಕಿದೆ. ಅವಳ ಹೊಲಿಗೆ ಗಟ್ಟಿ. ನನ್ನ ಹಟ ಅದಕ್ಕಿಂತ ಗಟ್ಟಿ. ಪರ್‌ರ್ ಎಂದು ಅದು ಮೇಲಿಂದ ಕೆಳಗಿನವರೆಗೆ ಹರಿಯಿತು. ಹರಿದ ಬಟ್ಟೆಯನ್ನು ಬಾವುಟದಂತೆ ಎತ್ತಿಹಿಡಿದು ಭಾಷಣ ಶುರುಮಾಡಿದೆ. “ಕವರು, ಕವರು, ಕವರು. ಈ ಮನೆಗೆ ಹಿಡಿದ ಗ್ರಹಚಾರ ಇದು. ನಾನು ಹೇಳ್ತೀನಿ ಕೇಳು, ಬುದ್ಧಿ ಇರೋ ಯಾವನೂ ಕುರ್ಚಿಗೆ ಕವರು ಹಾಕಿಸಲ್ಲ. ಕುರ್ಚಿ ಇರೋದು ಕೂರೋಕೆ. ಅದಕ್ಕೆ ಬಟ್ಟೆ ತೊಡಿಸಿ ಅಂದ ನೋಡೋನು ಶತಮೂರ್ಖ.”

ಹೆಂಡತಿ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದಳು.

ಬಾಗಿಲಲ್ಲಿ ಸಭಾಭವನದ ಮ್ಯಾನೇಜರ್ ನಿಂತಿದ್ದರು.

“ನಾಲ್ಕು ಗಂಟೆಗೆ ಬರೋಕೆ ಹೇಳಿದ್ರಿ,” ಎಂದರು ಅವರು ಮೆಲ್ಲಗೆ. “ಶತಮೂರ್ಖ ಬಂದಿದ್ದಾನೆ.”

ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ನಾನು ಪ್ರಯತ್ನಪಟ್ಟೆ. ಅದು ಬಿಡಲಿಲ್ಲ. ಹೆಂಡತಿ ಮಾತ್ರ ಸಾವರಿಸಿಕೊಂಡು, “ಬನ್ನಿ ಸಾರ್, ಕೂತ್ಕೊಳ್ಳಿ. ಇವರು ಹೊಲಿಗೆಯ ಗಟ್ಟಿತನ ಪರೀಕ್ಷೆ ಮಾಡ್ತಿದ್ರು,” ಎಂದಳು. ಕವರು ಹರಿದಿತ್ತು, ಕಂಪ್ಯೂಟರು ಸತ್ತಿತ್ತು, ಕಾಗದದ ಮೇಲಿನ ಕುರ್ಚಿಗೆ ಮೂರು ಕಾಲಿತ್ತು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು.

ಅತ್ತೆ ಚಹಾದ ತಟ್ಟೆ ಹಿಡಿದು ಬಂದರು. ಮೇಜಿನ ಮೇಲೆ ಅದನ್ನಿಡಲು ಜಾಗವಿರಲಿಲ್ಲ. ಹೆಂಡತಿ ನನ್ನ ಗ್ರಂಥವನ್ನು ಎರಡೂ ಕೈಯಿಂದ ಎತ್ತಿ ನೆಲದ ಮೇಲಿಟ್ಟಳು.

ಕುಂಯ್ ನಿಂತಿತು.

ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಅತ್ತೆ ಚಹಾ ಇಟ್ಟಿದ್ದೂ ಮ್ಯಾನೇಜರ್ ಅದನ್ನು ಊದಿದ್ದೂ ಕೇಳಿಸಿತು. ಗ್ರಂಥ ಇಲ್ಲಿಯವರೆಗೆ ಮರೆಮಾಡಿದ್ದ ಪರದೆಯ ಎಡಮೂಲೆಯಲ್ಲಿ ಬಿಳಿ ಅಕ್ಷರದ ಒಂದು ಸಾಲಿತ್ತು. ಬೆಳಿಗ್ಗೆಯಿಂದ ಪಾಪ ಅಲ್ಲೇ ಇದ್ದಿರಬೇಕು. ಕೀಬೋರ್ಡಿನ ಮೇಲೆ ಏನೋ ಕೂತಿದೆ, ದಯವಿಟ್ಟು ತೆಗೆಯಿರಿ, ಎಂಬುದು ಅದರ ಇಂಗ್ಲಿಷಿನ ತಾತ್ಪರ್ಯ. ಮೇಲಿನ ಸಾಲಿನ ನಾಲ್ಕು ಕೀಲಿಗಳು, ಗ್ರಂಥದ ಪಾದ ಊರಿದ್ದ ಜಾಗದಲ್ಲಿ, ಆಗತಾನೆ ತಲೆ ಎತ್ತುತ್ತಿದ್ದವು.

ಹೆಂಡತಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಕುರ್ಚಿಗಳು ಸಾಲಾಗಿ, ನೆರಿಗೆ ಸಮೇತ, ಮ್ಯಾನೇಜರಿಗೆ ದರ್ಶನ ಕೊಟ್ಟವು.

“ಏನಾಗಿತ್ತು ಇದಕ್ಕೆ?” ಎಂದರು ಅವರು.

ಅತ್ತೆ ನನ್ನ ಕಡೆ ತಿರುಗಿದರು. ಮಗಳ ಕಡೆ ಅಲ್ಲ, ಗೋಡೆಯ ಕಡೆಯೂ ಅಲ್ಲ. ಮದುವೆಯಾದಂದಿನಿಂದ ಮೊಟ್ಟಮೊದಲ ಬಾರಿಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಮಾತು ಆಡಿದರು.

“ಭಾರ.”

ಕೆಲಸ ಹೆಂಡತಿಗೇ ಸಿಕ್ಕಿತು. ಮ್ಯಾನೇಜರ್ ಹರಿದ ಕವರನ್ನು ಹಿಡಿದು ಜಗ್ಗಿ ನೋಡಿ, “ಬಟ್ಟೆ ಹರಿದಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ. ನಮ್ಮಲ್ಲಿಗೆ ಬರೋ ಜನಕ್ಕೆ ಇಂಥದ್ದೇ ಬೇಕು,” ಎಂದರು. ಹಾಗೆ ನೋಡಿದರೆ ಕೆಲಸ ಸಿಕ್ಕಿದ್ದು ನನ್ನಿಂದಲೇ ಅಲ್ಲವೇ ಎಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆ. ಹೆಂಡತಿ ಉಪ್ಪಿನಕಾಯಿ ಭರಣಿಯ ಕವರು ಸರಿಮಾಡಿದಳು.

ಈಗ ಕಂಪ್ಯೂಟರಿಗೆ ಹೊಸ ಕವರು ಬಂದಿದೆ. ನನ್ನ ಗ್ರಂಥಕ್ಕೂ ಬಂದಿದೆ. ಬಹಳ ಅಂದವಾಗಿದೆ, ಅಂಚಿಗೆ ನೆರಿಗೆ ಕೂಡ ಇದೆ. ಆದರೆ ಅದಕ್ಕೆ ಗುಂಡಿಯಿಲ್ಲ, ಜಿಪ್ ಇಲ್ಲ. ನಾಲ್ಕೂ ಕಡೆ ಎರಡೆರಡು ಸಲ ಹೊಲಿದುಬಿಟ್ಟಿದ್ದಾಳೆ. ಅತ್ತೆ ಮಧ್ಯಾಹ್ನ ಅದನ್ನು ತಲೆಗಿಟ್ಟುಕೊಂಡು ಮಲಗುತ್ತಾರೆ.

ನಿನ್ನೆ ಮಿಕ್ಸಿ ತಿರುಗುವುದನ್ನು ನಿಲ್ಲಿಸಿತು. ಏನಾಗಿರಬಹುದು ಎಂಬ ಬಗ್ಗೆ ನನ್ನ ಅಭಿಪ್ರಾಯ ಹೇಳಲು ಹೊರಟೆ. ಹೆಂಡತಿ ಕೊರಳಿನ ಟೇಪನ್ನು ತೆಗೆದು, ಉಳಿದಿದ್ದ ಒಂದು ತುಂಡು ಬಟ್ಟೆಯನ್ನು ಕೈಗೆತ್ತಿಕೊಂಡು, ನನ್ನ ಬಾಯಿಯನ್ನೇ ದಿಟ್ಟಿಸಿ ನೋಡಿದಳು. ಆ ನೋಟ ನನಗೆ ಗೊತ್ತು. ಅದು ಅಳತೆ ತೆಗೆಯುವ ನೋಟ.