ಆರನೇ ಒಂದು ಪಾಲು

ಬೆಳಗಾಗುತ್ತಲೇ ನೀರೆತ್ತುವ ಮೋಟಾರು ಮುದುಕನ ಹಾಗೆ ಎರಡು ಸಲ ಕೆಮ್ಮಿ ಕಣ್ಣು ಮುಚ್ಚಿತು. ತಾರಸಿಯ ತೊಟ್ಟಿಯಲ್ಲಿ ಉಳಿದದ್ದು ತಳಕ್ಕಿಷ್ಟು ನೀರು. ಅದರ ಸುತ್ತ ಮೂರು ಮನೆಯವರೂ ಸಾವಿನ ಮನೆಗೆ ಬಂದವರಂತೆ ಮುಖ ಇಳಿಬಿಟ್ಟು ನಿಂತರು.

ಕೆಳಮನೆಯ ಹಂಗಾಮಿ ಲೆಕ್ಕದ ಮೇಷ್ಟ್ರ ತಲೆಯಿಂದ ರಾತ್ರಿ ಹಚ್ಚಿದ ಎಣ್ಣೆ ಕಿವಿಗಿಳಿಯುತ್ತಿತ್ತು. ಅಂದೇ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಖಾಯಂ, ಇಲ್ಲವಾದರೆ ನಾಳೆಯಿಂದ ಮನೆ.

"ನನಗೆ ಮೂರು ಬಕೆಟ್ ಸಾಕಪ್ಪ," ಎಂದರು ಮನೆ ಯಜಮಾನರು.

"ನಿಮ್ಮದು ಬಕೆಟ್ಟಾ? ದೋಣಿ ಅದು," ಎಂದಳು ಮಹಡಿಮನೆಯ ಅಕ್ಕ.

ಮೇಷ್ಟ್ರು ತೊಟ್ಟಿಗೆ ಕೋಲು ಇಳಿಬಿಟ್ಟು, ಒದ್ದೆಯಾದಷ್ಟಕ್ಕೆ ಆರು ಸಮಭಾಗದ ಗುರುತು ಹಾಕಿದರು. "ಇಡೀ ನೀರು ಒಂದು ಅಂತಿಟ್ಕೊಳ್ಳಿ. ಯಜಮಾನರ ಸಂಸಾರ ದೊಡ್ಡದು, ಅವರಿಗೆ ಅರ್ಧ. ಅಕ್ಕನಿಗೆ ಮೂರನೇ ಒಂದು ಪಾಲು. ಉಳಿಯೋದು ಆರನೇ ಒಂದು ಪಾಲು, ಅದು ನಂದು. ಕೊನೇಲಿ ಹಿಡ್ಕೋತೀನಿ."

"ಎಂಥ ಮನಸ್ಸಪ್ಪ ಇವರದು," ಎಂದಳು ಅಕ್ಕ. ಮೇಷ್ಟ್ರು ಪೂರಿಯಂತೆ ಉಬ್ಬಿದರು.

ಮಹಡಿಯ ನಲ್ಲಿ ನಿಂತ ಸದ್ದು ಕೇಳಿದ್ದೇ ತಡ, ಮೇಷ್ಟ್ರು ಚೊಂಬಿನ ತಳದ ನೀರಲ್ಲಿ ತಲೆತುಂಬ ಸೋಪು ಹಚ್ಚಿ ತಮ್ಮ ಮನೆಯ ನಲ್ಲಿ ತಿರುಗಿಸಿದರು. ಅಜ್ಜಿ ಹೇಳುವ ಕತೆಗಳಲ್ಲಿ ಕೊನೆಯವನಿಗೇ ಕೊನೆಗೆ ಒಳ್ಳೆಯದಾಗುತ್ತದೆ. ನಲ್ಲಿಗೆ ಆ ಕತೆಗಳನ್ನು ಯಾರೂ ಹೇಳಿರಲಿಲ್ಲ. ಅದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಕಿಟಕಿಯಲ್ಲಿ ಯಜಮಾನರ ಮುಖ ಕಾಣಿಸಿತು. "ಪೈಪು ತಳದಿಂದ ನಾಲ್ಕು ಬೆರಳು ಮೇಲಿದೆ ಮೇಷ್ಟ್ರೇ. ಅದರ ಕೆಳಗಿನ ನೀರು ಇಳಿಯಲ್ಲ. ನಿಮ್ಮ ಪಾಲು ಅಲ್ಲೇ ಇದೆ, ಎಲ್ಲೂ ಹೋಗಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ನೀವು ಲೆಕ್ಕ ಹೇಳ್ತಿದ್ರಿ. ನಡುವೆ ಬಾಯಿ ಹಾಕೋದು ಹೇಗೆ?"

ತಾರಸಿ ಹತ್ತಿ ಮೊಗೆಯಲು ಹೊತ್ತಿರಲಿಲ್ಲ. "ನೀವು ಹೋಗಿ ಬನ್ನಿ, ನಾನು ಮೊಗೆದಿಟ್ಟಿರ್ತೀನಿ," ಎಂದಳು ಅಕ್ಕ.

ಶಾಲೆ ಮುಟ್ಟುವಷ್ಟರಲ್ಲಿ ಸೋಪು ಒಣಗಿ, ಕೂದಲು ಸುಣ್ಣ ಬಳಿಯುವ ಕುಂಚದಂತೆ ಬೆಳ್ಳಗೆ ಸೆಟೆದಿತ್ತು. ಪಾಠ ಭಿನ್ನರಾಶಿಯದೇ. ಹಲಗೆಯ ಮೇಲಿದ್ದದ್ದೂ ನೀರಿನ ತೊಟ್ಟಿಯ ಲೆಕ್ಕವೇ.

"ಒಬ್ಬ ಅರ್ಧ ತಗೊಂಡ, ಇನ್ನೊಬ್ಬ ಮೂರನೇ ಒಂದು ಪಾಲು," ಎಂದರು ಇನ್ಸ್‌ಪೆಕ್ಟರು. "ಕೊನೆಯವನಿಗೆ ಎಷ್ಟು ಬರುತ್ತೆ?"

ಮೇಷ್ಟ್ರು ತಲೆ ಮುಟ್ಟಿ ನೋಡಿಕೊಂಡರು. "ಬರಲ್ಲ ಸರ್."

"ಆರನೇ ಒಂದು ಪಾಲು ಉಳಿಯುತ್ತಲ್ರೀ?"

"ಉಳಿಯುತ್ತೆ ಸರ್. ಬರಲ್ಲ."

ಇನ್ಸ್‌ಪೆಕ್ಟರು ಆ ತಲೆಯನ್ನೇ ಒಂದು ಗಳಿಗೆ ನೋಡಿ ಪೆನ್ನು ಮುಚ್ಚಿದರು. "ಇಲ್ಲಿ ಖಾಯಂ ಹುದ್ದೆಯೂ ಒಂದು ಉಳಿದಿದೆ ಮೇಷ್ಟ್ರೇ. ನಿಮಗೆ ಬರಲ್ಲ."

ಕೆಲಸ ಕಳೆದುಕೊಂಡವರು ಕಾಲೆಳೆದುಕೊಂಡು ಮನೆಗೆ ಬಂದರು. ತಲೆಯಾದರೂ ತೊಳೆದುಕೊಳ್ಳಬಹುದು ಎಂಬ ಆಸೆಯೊಂದು ಉಳಿದಿತ್ತು. ಬಾಗಿಲಲ್ಲೇ ಅಕ್ಕ ಬಕೆಟ್ ಇಟ್ಟುಕೊಂಡು ಕಾಯುತ್ತಿದ್ದಳು.

"ಪೂರ್ತಿ ಒಂದು ಬಕೆಟ್ ಮೊಗೆದಿಟ್ಟಿದ್ದೆ. ಅಷ್ಟರಲ್ಲಿ ಯಜಮಾನರು ಬಂದು, ಇಡೀ ಬಕೆಟ್ ಒಂದು ಅಂತಿಟ್ಕೊಂಡು, ಅರ್ಧ ತಗೊಂಡ್ರು. ಮೂರನೇ ಒಂದು ಪಾಲು ನಾನು ತಗೊಂಡೆ. ನೀವು ಹೇಳಿಕೊಟ್ಟ ಹಾಗೇ, ಒಂದು ಹನಿ ಹೆಚ್ಚಿಲ್ಲ. ಬೇಕಾದ್ರೆ ಕೋಲು ಇಟ್ಟು ನೋಡಿ."

ಮೇಷ್ಟ್ರು ಬಗ್ಗಿ ನೋಡಿದರು. ತಳದಲ್ಲಿ ಒಂದು ಚೊಂಬು ನೀರಿತ್ತು.

"ಲೆಕ್ಕ ಸರಿ ಇದೆಯಾ?"

"ಸರಿಯಾಗಿದೆ ಅಕ್ಕ," ಎಂದು ಅದಷ್ಟನ್ನೂ ತಲೆಗೆ ಸುರಿದುಕೊಂಡರು. ಬೆಳಗಿನಿಂದ ಒಣಗಿ ಕೂತಿದ್ದ ಸೋಪು ಜೀವ ಬಂದಂತೆ ನೊರೆ ಎದ್ದು, ನಿಧಾನವಾಗಿ ಎರಡೂ ಕಣ್ಣಿಗೆ ಸಮವಾಗಿ ಇಳಿಯಿತು.