ಕಾಕಾನ ಪೇಟಿಗೆ ಜೂಜುಕೋರರ ಶಿಫಾರಸು

ಕಮರಿಪೇಟೆಯ ನಮ್ಮ ಕಾಕಾನ ಅಂಗಡಿಗೆ ಸಾಕ್ಷಾತ್ ಸರಸ್ವತಿಯೇ ಬಂದರೂ ಸುಮ್ಮನೆ ಒಳಗೆ ಬಿಡುವುದಿಲ್ಲ! ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ರಿಪೇರಿ ಮಾಡುವ ಅಂಗಡಿ ಅದು. ಹೊಸ್ತಿಲಲ್ಲೇ ಪ್ರಶ್ನೆ: "ಯಾರು ಕಳಿಸ್ಯಾರ?" ಕಳಿಸಿದವರು ಗೊತ್ತಾದರೆ ಪೇಟಿ ಎಂಥವರ ಕೈಯಲ್ಲಿ ಬಾಳಿದೆ ಎಂದು ಗೊತ್ತಾಗುತ್ತದಂತೆ.

ಒಮ್ಮೆ ರಾಯಾಪುರದಿಂದ ಕಾರಿನಲ್ಲಿ ಬಂದ ಸಾಹೇಬರೊಬ್ಬರು, ಯಾರೂ ಕಳಿಸಿಲ್ಲ, ಬೋರ್ಡು ನೋಡಿ ಬಂದೆ ಎಂದರು. ತಪ್ಪು ಉತ್ತರ! ಯಾರನ್ನಾದರೂ ಕೇಳಿಕೊಂಡು ಬನ್ನಿ ಎಂದು ಕಾಕಾ ವಾಪಸು ಕಳಿಸಿದರು. ಸಾಹೇಬರು ಎದುರಿಗೆ ಹೋಗಿ ಒಂದು ಚಹಾ ಕುಡಿದು ಮರಳಿದರು.

"ಚಾದಂಗಡಿಯವ್ರು ಕಳಿಸ್ಯಾರ್ರಿ."

"ಹಂಗ ಹೇಳ್ರಿ ಮತ್ತ. ಕೂಡ್ರಿ."

ಇಂಥವರಿಗೆ ಜಾಲತಾಣ ಮಾಡಿಕೊಟ್ಟದ್ದು ನಾನು. ಪೇಟಿ ರಿಪೇರಿ ಎಂದು ಹುಡುಕಿದರೆ ಕಾಕಾ ಮೊದಲ ಪುಟದಲ್ಲೇ ಬರುತ್ತಿದ್ದರು. ಅರ್ಧ ಕೆಲಸ ಆ ದಾರಿಯಿಂದಲೇ ಸಿಗುತ್ತಿತ್ತು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಎಲ್ಲರಿಗಿಂತ ಮೇಲೆ ತರುತ್ತೇನೆಂದು ಫೋನು ಮಾಡಿದವನೊಬ್ಬನಿಗೆ ಹೂಂ ಎಂದೆ. ಅವನು ಕಂಡಕಂಡ ಜಾಲತಾಣಗಳಿಂದ ನಮಗೆ ಲಿಂಕ್ ಹಾಕಿಸಿದ. ಇಸ್ಪೀಟು, ಲಾಟರಿ, ಕೂದಲು ಬೆಳೆಸುವ ಗುಳಿಗೆ! ಇಂಥವರ ಶಿಫಾರಸು ಕಂಡು ಸರ್ಚ್‌ನವರಿಗೆ ನಮ್ಮ ಮೇಲೇ ಅನುಮಾನ ಬಂತು, ಕಾಕಾ ಆರನೇ ಪುಟಕ್ಕೆ ಬಿದ್ದರು. ಆರನೇ ಪುಟಕ್ಕೆ ಯಾರು ಹೋಗುತ್ತಾರೆ? ಅಂಗಡಿಯಲ್ಲಿ ಪ್ರಶ್ನೆ ಕೇಳಿಸಿಕೊಳ್ಳಲೂ ಜನವಿಲ್ಲದಂತಾಯಿತು.

ಕೊನೆಗೆ ತಪ್ಪೊಪ್ಪಿಕೊಂಡೆ. ಲಿಂಕ್ ಎಂದರೇನೆಂದು ವಿವರಿಸಲು ಹೊರಟರೆ ಅವರಿಗೆ ಅರ್ಧ ವಾಕ್ಯವೇ ಸಾಕಾಯಿತು.

"ಅಂದ್ರ, ಜೂಜಾಡವ್ರು ನನ್ನ ಕಡೆ ಮಂದಿ ಕಳಸಾಕತ್ತಾರ?"

"ಹೂಂ ರೀ ಕಾಕಾ."

"ಪಟ್ಟಿ ತಗಿ."

ಪಟ್ಟಿಯಲ್ಲಿ ನಾಲ್ಕುನೂರಕ್ಕೂ ಹೆಚ್ಚು ವಿಳಾಸಗಳಿದ್ದವು. ಇವರಿಗೂ ನಮಗೂ ಸಂಬಂಧವಿಲ್ಲ ಎಂದು ಸರ್ಚ್‌ನವರಿಗೆ ತಿಳಿಸುವ ಫೈಲೊಂದಿದೆ. ನಾನು ಇಡೀ ಪಟ್ಟಿಯನ್ನೇ ಅದಕ್ಕೆ ಸುರಿದು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಕಾಕಾ ಕೈ ಹಿಡಿದರು. ಒಬ್ಬೊಬ್ಬರನ್ನೂ ವಿಚಾರಿಸದೆ ಯಾರನ್ನೂ ಹೊರಗೆ ಹಾಕುವಂತಿಲ್ಲ ಎಂದರು.

ನಾಲ್ಕು ಮಧ್ಯಾಹ್ನ ವಿಚಾರಣೆ ನಡೆಯಿತು. ಕಾಕಾ ಮೂಗಿನ ತುದಿಗೆ ಕನ್ನಡಕ ಏರಿಸಿ ಕುಳಿತು, ಊಟಕ್ಕೂ ಏಳಲಿಲ್ಲ. ಪ್ರತಿಯೊಬ್ಬರಿಗೂ ಪತ್ರ ಬರೆಸಿದರು: 'ಮಾನ್ಯರೇ, ತಾವು ಇನ್ನು ನಮ್ಮಲ್ಲಿಗೆ ಯಾರನ್ನೂ ಕಳಿಸಬಾರದಾಗಿ ವಿನಂತಿ.' ಲಾಟರಿಯವನು ಮಾತ್ರ ಮರುದಿನವೇ ಉತ್ತರಿಸಿದ: ಮೊದಲ ಆಟ ಉಚಿತ! ಕೇಳಿದರೂ ಲಿಂಕ್ ತೆಗೆಯದವರೆಲ್ಲ ಫೈಲಿನಲ್ಲಿ ಉಳಿದರು.

ನಾಲ್ಕನೇ ದಿನ ಬರೀ ಅಂಕಿಗಳೇ ತುಂಬಿದ್ದ ವಿಳಾಸವೊಂದು ಬಂತು. ಇದೂ ಜೂಜಿನದೇ, ಫೈಲಿನಲ್ಲೇ ಇರಲಿ ಬಿಡ್ರಿ ಎಂದೆ.

"ತಗದು ನೋಡು."

ತೆಗೆದೆ. ಯಾರೋ ದೂರದ ಸಂಗೀತ ವಿದ್ಯಾರ್ಥಿ ಎಂದೋ ಬರೆದು ಮರೆತ ಪುಟ. 'ಪೇಟಿ ನುಡಿಸಿ ನೋಡುತ್ತಿದ್ದೆ. ಗಾಂಧಾರ ಸ್ವರ ಇಳಿದಿದೆ ಎಂದು ಅಂಗಡಿಯ ಹಿಂದಿನ ಅಡುಗೆಮನೆಯಿಂದಲೇ ಕಾಕು ಕೂಗಿ ಹೇಳಿದರು. ಇಳಿದಿತ್ತು. ನನ್ನನ್ನು ಯಾರು ಕಳಿಸಿದರೆಂದು ಅವರು ಕೇಳಲಿಲ್ಲ. ಚಹಾ ಕೊಟ್ಟರು.'

ಕಾಕು, ಅಂದರೆ ಕಾಕಾನ ಹೆಂಡತಿ, ತೀರಿಕೊಂಡು ಐದು ವರ್ಷ. ಕಾಕಾ ಎರಡು ಸಲ ಓದಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

"ಇದನ್ನ ಕಳಿಸ್ದವ್ರು ಗೊತ್ತದಾರ. ಫೈಲಿನ್ಯಾಗಿಂದ ತಗಿ, ಇರ್ಲಿ ಇದು."

ಫೈಲು ಸರ್ಚ್‌ನವರಿಗೆ ಹೋಯಿತು, ಕಾಕಾ ಈಗ ಎರಡನೇ ಪುಟಕ್ಕೆ ಏರಿದ್ದಾರೆ. ನಾನು ಮಾತ್ರ ಇನ್ನೂ ಆ ಗುಂಡಿಯ ಮುಂದೆಯೇ ಇದ್ದೇನೆ. ಇವರಿಗೂ ನಮಗೂ ಸಂಬಂಧವಿಲ್ಲ ಎಂದು ನಾನು ಬರೆದಿಟ್ಟಿದ್ದ ಪಟ್ಟಿಯಲ್ಲಿ, ಕಾಕು ಮುನ್ನೂರ ಹನ್ನೆರಡನೆಯ ಸಾಲಿನಲ್ಲಿದ್ದರು.