ಬಸ್ಸು ಹೋಗದ ದಾರಿ

ನಂದಿಬೆಟ್ಟಕ್ಕೆ ಹೋಗುವ ದಾರಿ ಯಾವುದೆಂದು ಯಲಹಂಕದಲ್ಲಿ ಯಾರನ್ನು ಬೇಕಾದರೂ ಕೇಳಬಹುದಿತ್ತು, ನಮ್ಮ ಮಾವನವರೊಬ್ಬರನ್ನು ಬಿಟ್ಟು. ಅವರನ್ನು ಕೇಳಿದವರು ಸಂಜೆಯ ಹೊತ್ತಿಗೆ ಯಾವುದೋ ಹೆಸರಿಲ್ಲದ ಬಂಡೆಯ ಮೇಲೆ, ಮೈತುಂಬ ಮುಳ್ಳು ಗೀರಿಸಿಕೊಂಡು, ಆದರೆ ಜನ್ಮದಲ್ಲಿ ಕಾಣದ್ದೇನನ್ನೋ ಕಂಡ ಮುಖ ಹೊತ್ತು ಕೂತಿರುತ್ತಿದ್ದರು! ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗೆ ಕೂತವರಲ್ಲಿ ನಾನೂ ಒಬ್ಬ, ಸ್ವಾಮಿ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಹೊಸದಾಗಿ ಮದುವೆಯಾಗಿತ್ತು. ನಾನೂ ನನ್ನ ಹೆಂಡತಿ ಸುಮಳೂ ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಅತ್ತೆಯವರು ತೀರಿಕೊಂಡು ವರ್ಷಗಳಾಗಿದ್ದವು. ಮಾವನವರು ಯಲಹಂಕದ ಹಳೇ ಊರಿನಲ್ಲಿ ಒಬ್ಬರೇ ಇದ್ದರು. ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಕೆಲಸ. ವಾರವೆಲ್ಲ ಯಂತ್ರಗಳ ಮೇಲೆ ಕೂಗಾಡುವುದು, ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಬೆಟ್ಟಗಳ ಕಡೆಗೆ ಮಾಯವಾಗುವುದು. ಬಳ್ಳಾರಿ ರಸ್ತೆಗೆ ಮಾತ್ರ ಅವರು ಚಕ್ರ ತಾಗಿಸುತ್ತಿರಲಿಲ್ಲ. "ಲಾರಿ ಹಿಂದೆ ಹೊಗೆ ಕುಡ್ಕೊಂಡು ಹೋಗೋಕೆ ಬೆಟ್ಟ ಯಾಕ್ರೀ ಬೇಕು? ದಾಸರಹಳ್ಳಿ ಸರ್ಕಲ್‌ನಲ್ಲಿ ನಿಂತ್ಕೊಂಡ್ರೆ ಸಾಲ್ದಾ?" ಎನ್ನುತ್ತಿದ್ದರು.

ಮೊದಲ ದೀಪಾವಳಿಗೆ ಅಳಿಯನಿಗೆ ಉಂಗುರ ಕೊಡುವುದು ವಾಡಿಕೆಯಲ್ಲವೇ? ನನಗೂ ಕೊಟ್ಟರು. ಒಂದಲ್ಲ, ಎರಡು. ಇಪ್ಪತ್ತೆಂಟು ಇಂಚಿನವು, ಮೇಲೊಂದು ಸೀಟು!

ಎಣ್ಣೆಸ್ನಾನದ ತಲೆ ಇನ್ನೂ ಆರಿರಲಿಲ್ಲ. ನನ್ನನ್ನೂ ಆ ಸೈಕಲ್ಲನ್ನೂ ಊರಬಾಗಿಲ ಹತ್ತಿರದ ಖಲೀಲ್ ಸಾಹೇಬರ ಸೈಕಲ್ ಶಾಪಿಗೆ ಎಳೆದುಕೊಂಡು ಹೋದರು. ಸಾಹೇಬರು ಸ್ಪ್ಯಾನರ್ ಹಿಡಿದು ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ಸೈಕಲ್ಲನ್ನೂ, ಮೇಲಿಂದ ಕೆಳಕ್ಕೆ ನೋಡಿದರು.

"ಟೈಟ್ ಮಾಡೋದು ಸೈಕಲ್‌ಗಾ, ಅಳಿಯಂದ್ರಿಗಾ ಅಣ್ಣಾ?"

"ಸೈಕಲ್ ನೀವು ಮಾಡಿ ಸಾಹೇಬ್ರೇ. ಅಳಿಯಂದ್ರನ್ನ ಬೆಟ್ಟ ಮಾಡುತ್ತೆ."

ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿದರು. "ಹುಷಾರ್ ಭಾಯಿ. ಇವ್ರ ಜೊತೆ ಹೋದೋರು ವಾಪಸ್ ಬರ್ತಾರೆ. ಪ್ಯಾಂಟ್ ಬರಲ್ಲ!"

ಮುಂದಿನ ಭಾನುವಾರ ಬೆಳಕು ಹರಿಯುವ ಮುಂಚೆಯೇ ಹೊರಟೆವು. ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ತನಕ ಮಾವನವರ ಬಾಯಿ ಪೆಡಲ್ಲಿಗಿಂತ ವೇಗವಾಗಿ ತಿರುಗುತ್ತಿತ್ತು. ಕಾರ್ಖಾನೆಯ ಯೂನಿಯನ್ನು, ಬೆಲ್ಲದ ದರ, ತಮ್ಮ ಮಂಡಿಚಿಪ್ಪು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಮುಖ್ಯರಸ್ತೆ ಬಿಟ್ಟು ಒಂದು ಗಾಡಿಜಾಡಿಗೆ ಇಳಿದೆವು. ಅದು ಕವಲೊಡೆಯುವಲ್ಲಿ ಒಬ್ಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ಮಾವನವರು ಬ್ರೇಕ್ ಹಿಡಿದರು.

"ತಾಯೀ, ಬಸ್ ಹೋಗ್ದೇ ಇರೋ ದಾರಿ ಯಾವುದಮ್ಮ?"

ಅವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. "ಇಂಗೋದ್ರೆ ಬಸ್ಸೂ ಇಲ್ಲ, ಊರೂ ಇಲ್ಲ ಸಾಮಿ. ಬರೀ ಕಾಡು. ಅಲ್ಲಿಗ್ಯಾಕ್ ಓಯ್ತೀರಿ?"

"ಅದಕ್ಕೇನೇ ತಾಯಿ!" ಎಂದು ಇವರು ಸೈಕಲ್ ತಿರುಗಿಸಿಯೇಬಿಟ್ಟರು.

ಅವಳು ನನ್ನನ್ನು ತಡೆದು ಕೇಳಿದಳು. "ಅವ್ರು ನಿಮ್ಗೇನಾಗ್ಬೇಕು?"

"ಮಾವ."

"ಅಯ್ಯೋ ಪಾಪ," ಎಂದಳು. ಅವಳು ಮರುಗಿದ್ದು ಅವರ ಬಗ್ಗೆಯಂತೂ ಅಲ್ಲ!

ಕಾಡು ಶುರುವಾಗುವಲ್ಲಿ ಮಾವನವರು ಸೈಕಲ್ಲಿನಿಂದ ಇಳಿದು, ಜೇಬಿನಿಂದ ಕರವಸ್ತ್ರ ತೆಗೆದು, ಸದ್ದಾಗದಂತೆ ಸೈಕಲ್ ಬೆಲ್ಲಿಗೆ ಬಿಗಿಯಾಗಿ ಸುತ್ತಿದರು. ಕೂಸಿಗೆ ಕುಲಾವಿ ಕಟ್ಟಿದ ಹಾಗೆ. ನನ್ನ ಬೆಲ್ಲಿಗೂ ಕಟ್ಟಿಸಿದರು. ಅಲ್ಲಿಂದ ಮುಂದೆ ಅವರ ಬಾಯಿಂದ ಒಂದು ಅಕ್ಷರ ಹೊರಬೀಳಲಿಲ್ಲ. ಅಷ್ಟು ಹೊತ್ತು ವಟಗುಟ್ಟಿದ ಮನುಷ್ಯ ಇವರೇ ಏನು? ಮೈ ಹುಷಾರಿಲ್ಲವೋ ಎಂದು ನನಗೆ ಗಾಬರಿಯಾಯಿತು.

ಗಾಬರಿಪಡಲೂ ಆಮೇಲೆ ಪುರಸೊತ್ತಾಗಲಿಲ್ಲ. ಎರಡೂ ಕಡೆಯಿಂದ ಬೆಟ್ಟಗಳು ಎದ್ದು ಹತ್ತಿರ ಬಂದವು. ಅಬ್ಬಾ, ಆ ಬಂಡೆಗಳು! ಒಂದರ ಹೆಗಲ ಮೇಲೊಂದು ಕೂತು, ಈಗ ಉರುಳಿದೆ, ಇದೋ ಉರುಳಿದೆ ಎನ್ನುತ್ತ ಯಾವ ಯುಗದಿಂದಲೋ ಉರುಳದೆ ನಿಂತಿದ್ದವು. ಅವುಗಳ ಸಂದಿಯಿಂದ ಅತ್ತಿಯ ಬೇರುಗಳು ಇಳಿದು ಕಲ್ಲನ್ನೇ ತಬ್ಬಿಕೊಂಡಿದ್ದವು. ಕೆಳಗೆ, ಮಾಕಳಿದುರ್ಗದ ಕಣಿವೆಯಲ್ಲಿ, ರೈಲಿನ ಹಳಿ ಹೊಲಿಗೆಯ ದಾರದಷ್ಟೇ ಕಾಣುತ್ತಿತ್ತು. ಒಂದು ಗೂಡ್ಸ್ ರೈಲು ಬಂತು. ಅದರ ಸದ್ದು ಈ ಬೆಟ್ಟದಿಂದ ಆ ಬೆಟ್ಟಕ್ಕೆ ಹಾರಿ, ಮತ್ತೆ ಹಿಂದಿರುಗಿ, ಕೊನೆಗೆ ಎಲೆಗಳೊಳಗೆ ಇಂಗಿಹೋಯಿತು. ಆಮೇಲೆ ಉಳಿದ ನಿಶ್ಶಬ್ದವನ್ನು ನಾನು ಹೇಗೆ ಹೇಳಲಿ? ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಬೆಳೆದ ಕಿವಿ ನನ್ನದು. ನಿಶ್ಶಬ್ದಕ್ಕೆ ಇಷ್ಟು ತೂಕವಿರುತ್ತದೆಂದು ಅದಕ್ಕೆ ತಿಳಿದೇ ಇರಲಿಲ್ಲ. ನಾನು ಆ ಹೆಸರಿಲ್ಲದ ಬಂಡೆಯ ಮೇಲೆ ಕೂತುಬಿಟ್ಟೆ.

ಬಹಳ ಹೊತ್ತಿನ ಮೇಲೆ ಮಾವನವರು ಪಿಸುಗುಟ್ಟಿದರು. "ಹೆಂಗಿದೆ?"

"ಕಾಲು ನೋಯ್ತಿದೆ ಮಾವ."

"ಒಳ್ಳೇದಾಯ್ತು. ಕಾಲಿದೆ ಅಂತ ಗೊತ್ತಾಯ್ತಲ್ಲ!"

ಅಲ್ಲಿಗೆ ನಾನು ಕೆಟ್ಟೆ. ಭಾನುವಾರ ಬಂದರೆ ಕಾಲು ತಾನಾಗಿಯೇ ಪೆಡಲ್ ಹುಡುಕತೊಡಗಿತು. "ನೀವು ಮದುವೆ ಆಗಿರೋದು ನನ್ನನ್ನಾ, ನಮ್ಮಪ್ಪನ್ನಾ?" ಎಂದು ಸುಮ ಕೇಳುತ್ತಿದ್ದಳು. ನ್ಯಾಯವಾದ ಪ್ರಶ್ನೆ!

ಆ ಚಳಿಗಾಲದಲ್ಲಿ ದೇವರಾಯನದುರ್ಗಕ್ಕೆ ಹೋದೆವು. ಹಿಂದಿನ ದಿನವೇ ಹೊರಟು, ಕಾಡಿನಂಚಿನ ಒಂದು ಹಳ್ಳಿಯಲ್ಲಿ ಉಳಿದು, ಬೆಳಗ್ಗೆ ಮಂಜಿನಲ್ಲಿ ಸೈಕಲ್ ತಳ್ಳುತ್ತ ಏರು ಹತ್ತುತ್ತಿದ್ದೆವು. ಮಂಜು ಎಂದರೆ ನನ್ನ ಮುಂದಿನ ಚಕ್ರ ನನಗೇ ಕಾಣದಷ್ಟು. ತಟ್ಟನೆ ಮಾವನವರು ಕೈ ಅಡ್ಡ ಹಿಡಿದು ನಿಂತರು. ಮುಂದೆ, ದಾರಿಯ ಪಕ್ಕದ ಪೊದೆ ಅಲುಗಿತು. ಕಪ್ಪನೆಯ ರಾಶಿಯೊಂದು ದಾರಿಗಿಳಿಯಿತು. ಅದರ ಬೆನ್ನ ಮೇಲೆ ಇನ್ನೊಂದು ಪುಟ್ಟ ಕಪ್ಪುರಾಶಿ ಕೂದಲು ಹಿಡಿದು ಅವುಚಿಕೊಂಡಿತ್ತು.

"ಮಾವ... ಕ... ಕರ..."

"ಶ್! ಬಾಣಂತಿ ಕಣ್ರೀ. ದಾರಿ ಬಿಡಬೇಕು." ಇಷ್ಟು ಹೇಳಿ ತಲೆಯ ಮೇಲಿನ ಮಂಕಿಕ್ಯಾಪ್ ತೆಗೆದು ಎದೆಗಿಟ್ಟುಕೊಂಡರು!

"ಓಡೋಣ್ವಾ?"

"ಓಡಬಹುದು. ಆದ್ರೆ ಅವರು ನಮಗಿಂತ ಚೆನ್ನಾಗಿ ಓಡ್ತಾರೆ."

ಕರಡಿ ನಮ್ಮ ಕಡೆ ಮೂತಿ ಎತ್ತಿತು. ಅದರ ಉಸಿರು ಬೆಳ್ಳಗೆ ಹೊಗೆಯಾಡಿತು. ಮರಿ ತಾಯಿಯ ಕುತ್ತಿಗೆಯ ರೋಮದೊಳಗೆ ಮುಖ ಹುದುಗಿಸಿಕೊಂಡಿತು. ಒಮ್ಮೆ 'ಹುಫ್' ಎಂದು, ಅವಸರವೇ ಇಲ್ಲದ ಯಜಮಾನಿಯ ಹಾಗೆ, ತಾಯಿ ಕರಡಿ ದಾರಿ ದಾಟಿ ಮಂಜಿನೊಳಗೆ ಕರಗಿಹೋಯಿತು. ಅವು ಹೋದ ಮೇಲೂ ನಾನು ಸೈಕಲ್ಲಿನ ಹ್ಯಾಂಡಲ್ ಬಿಗಿಹಿಡಿದೇ ನಿಂತಿದ್ದೆ. ಅದು ಬರೀ ಭಯವಾಗಿರಲಿಲ್ಲ. ಲೋಕದ ಅಂತಃಪುರದೊಳಗೆ ಹೇಳದೆ ಕೇಳದೆ ನುಗ್ಗಿದವನಿಗೆ ಆಗುವಂಥದ್ದೇನೋ ಆಗಿತ್ತು. ಮಾವನವರ ಕಣ್ಣಲ್ಲಿ ನೀರಿತ್ತು. ಕೇಳಿದರೆ "ಮಂಜು ಕಣ್ರೀ" ಎಂದರು.

ಮಾರನೆಯ ವರ್ಷ ಸುಮ ಬಸುರಿಯಾದಳು. ಮಗುವಿಗೆ ಹೆಸರಿರಲಿಲ್ಲ, ತೊಟ್ಟಿಲಿರಲಿಲ್ಲ. ಸೀಟು ಮಾತ್ರ ಸಿದ್ಧವಾಯಿತು! ಖಲೀಲ್ ಸಾಹೇಬರ ಅಂಗಡಿಯಲ್ಲಿ ಕೂತು, ತಮ್ಮ ಸೈಕಲ್ಲಿನ ಮುಂದಿನ ಕಬ್ಬಿಣದ ಬಾರ್‌ನ ಮೇಲೆ ಮಾವನವರು ಪುಟ್ಟದೊಂದು ಸೀಟು ಕೂಡಿಸಿದರು. ಕೆಂಪು ರೆಕ್ಸಿನ್, ಒಳಗೆ ಹತ್ತಿ. "ಮೊದ್ಲು ಹುಟ್ಲಿ ಅಪ್ಪ," ಎಂದು ಸುಮ ನಕ್ಕರೆ, "ಹುಟ್ಟಿದ ಮೇಲೆ ಟೈಮ್ ಎಲ್ಲಿರುತ್ತೆ?" ಎಂದರು. ಖಾಲಿ ಸೀಟು ಹೊತ್ತುಕೊಂಡೇ ಅಲ್ಲಾಳಸಂದ್ರದ ಕೆರೆ ಏರಿಯ ಮೇಲೆ ಹೋಗಿಬರುತ್ತಿದ್ದರು. ಅಭ್ಯಾಸಕ್ಕಂತೆ!

ಏಳನೇ ತಿಂಗಳಿನಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು.

ಆಸ್ಪತ್ರೆಯಿಂದ ಬಂದ ಸುಮ ಅಳಲಿಲ್ಲ. ನೆಂಟರು ಬಂದು ಸಮಾಧಾನ ಹೇಳಿ ಹೋದರು. ಅವಳು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಊಟಕ್ಕೆ ಎಬ್ಬಿಸಿದರೆ ಒಂದೆರಡು ಅಗುಳು, ಅಷ್ಟೇ. ವಾರಗಳು ಕಳೆದವು. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾವನವರು ದಿನವೂ ಯಲಹಂಕದಿಂದ ಬಂದು, ಅವಳ ಪಕ್ಕದಲ್ಲಿ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಅವರ ಸೈಕಲ್ಲಿನ ಬಾರ್ ಬೋಳಾಗಿತ್ತು.

ಶಿವರಾತ್ರಿ ಕಳೆದ ಮೇಲಿನ ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು, "ಸೀರೆ ಉಟ್ಕೋ ಸುಮ, ಹೋಗ್ಬರೋಣ," ಎಂದರು. ಅವಳು ಎಲ್ಲಿಗೆ ಎಂದೂ ಕೇಳದೆ ಎದ್ದಳು. ಬಸ್ಸೆಂದರೆ ಮೂಗು ಮುರಿಯುತ್ತಿದ್ದ ಆ ಮನುಷ್ಯ ಅಂದು ಎರಡೂ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಸಿ ನಮ್ಮನ್ನು ದೊಡ್ಡಬಳ್ಳಾಪುರಕ್ಕೆ ಕರೆದೊಯ್ದರು. ಇಳಿದ ಮೇಲೆ ಮಗಳನ್ನು ತಮ್ಮ ಕ್ಯಾರಿಯರಿನ ಮೇಲೆ ಕೂರಿಸಿಕೊಂಡರು.

"ನಾನು ಕೂರಿಸ್ಕೋತೀನಿ ಮಾವ, ನಿಮ್ಗೆ ಮಂಡಿನೋವು," ಎಂದೆ.

"ಅವಳು ನನ್ನ ಮಗಳು ರೀ. ನೀವು ಟಿಫಿನ್ ಕ್ಯಾರಿಯರ್ ಇಟ್ಕೊಳ್ಳಿ."

ಏರು ಬಂದಾಗ ಇಳಿದು ತಳ್ಳಿದರು. ಅವರ ಉಸಿರು ಹಿಂದೆ ಬರುತ್ತಿದ್ದ ನನಗೂ ಕೇಳುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಸುಮ ಆ ಬೆನ್ನನ್ನೇ ನೋಡುತ್ತ ಬಹಳ ದೂರದ ತನಕ ಹಾಗೇ ಕೂತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಜಿಗಿದು ಇಳಿದು, ಕ್ಯಾರಿಯರಿಗೆ ಎರಡೂ ಕೈ ಕೊಟ್ಟು ತಳ್ಳತೊಡಗಿದಳು. ಅವರು ತಿರುಗಿ ನೋಡಲಿಲ್ಲ. ಭಾರ ಕಡಿಮೆಯಾದದ್ದು ತಿಳಿಯದ ಹಾಗೆ ನಡೆದರು.

ಏರು ಮುಗಿದಲ್ಲಿ ನಾವು ಮೂವರೂ ನಿಂತುಬಿಟ್ಟೆವು. ಕಣಿವೆಗೆ ಕಣಿವೆಯೇ ಮುತ್ತುಗದ ಹೂವಿನಲ್ಲಿ ಉರಿಯುತ್ತಿತ್ತು! ಒಂದು ಎಲೆಯಿಲ್ಲ, ಬರೀ ಹೂವು. ಬೋಳು ಬೆಟ್ಟಗಳ ನಡುವೆ ಅಷ್ಟೊಂದು ಕೆಂಪು, ಯಾರಾದರೂ ನೋಡಲಿ ಎಂದಲ್ಲದೆ, ಸುಮ್ಮನೆ ಅರಳಿ ನಿಂತಿತ್ತು. ಸುಮ ಒಂದು ಕಲ್ಲಿನ ಮೇಲೆ ಕುಸಿದಳು. ಅವಳ ಗಂಟಲಿನಿಂದ ನಾನು ಎಂದೂ ಕೇಳದ ಸ್ವರವೊಂದು ಎದ್ದಿತು. ಕೂಗಿ ಕೂಗಿ ಅತ್ತಳು. ಬೆಟ್ಟಗಳು ಅದನ್ನು ಇಸಿದುಕೊಂಡು ದೂರ ದೂರಕ್ಕೆ ಕೊಂಡೊಯ್ದವು. ನಾನು ಅವಳ ಕೈ ಹಿಡಿದು ಕೂತೆ.

ಮಾವನವರು ನಮಗೆ ಬೆನ್ನು ಹಾಕಿ ನಿಂತಿದ್ದರು. ಮೆಲ್ಲಗೆ ನನಗೆ ಮಾತ್ರ ಕೇಳುವಂತೆ, "ಮನೇಲಿ ಗೋಡೆ ತುಂಬ ಹತ್ರ ಇರ್ತವೆ ಕಣ್ರೀ. ಅಷ್ಟು ದೊಡ್ಡ ಅಳು ಅಲ್ಲಿ ಹಿಡಿಸಲ್ಲ," ಎಂದರು.

ಅಳು ತಾನಾಗಿ ನಿಂತಾಗ ಬಿಸಿಲು ಏರಿತ್ತು. ಸುಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಪ್ಪ, ಹಸಿವಾಗ್ತಿದೆ."

ಮಾವನವರು ಟಿಫಿನ್ ಕ್ಯಾರಿಯರ್ ಎತ್ತಿಕೊಂಡರು. ಮೇಲಿನ ಕೊಂಡಿ ತೆಗೆಯಲು ಹೋದರು. ಜೀವನವಿಡೀ ಕಬ್ಬಿಣದ ಜೊತೆ ಗುದ್ದಾಡಿದ ಆ ಕೈಗಳಿಗೆ ಕೊಂಡಿ ಬಗ್ಗಲೇ ಇಲ್ಲ. ಸುಮ ಅದನ್ನು ಅವರಿಂದ ತೆಗೆದುಕೊಂಡಳು, ಬಿಚ್ಚಿದಳು, ಮೊಸರನ್ನ ಕಲಸಿದಳು. ಮೊದಲ ತುತ್ತನ್ನು ಅವರ ಬಾಯಿಗೆ ಇಟ್ಟಳು.